ಕಡಲುಗಳ್ಳರ ಹಡಗಿನಲ್ಲಿ ಬೀಗರ ಊಟ

ನಮ್ಮ ಕಡೆ ಇಬ್ಬರು ಗಂಡಸರು ಒಟ್ಟಿಗೆ ಹೋಟೆಲಿಗೆ ಹೋದರೆ ಗಲ್ಲಾದ ಮುಂದೆ ಕುಸ್ತಿಯಾಗದೆ ಊಟ ಮುಗಿಯುವುದಿಲ್ಲ. ಒಬ್ಬ ಜೇಬಿಗೆ ಕೈ ಹಾಕಿದರೆ ಇನ್ನೊಬ್ಬ ಆ ಕೈಯನ್ನು ಜೇಬಿನಲ್ಲೇ ಅದುಮಿ ಹಿಡಿಯುತ್ತಾನೆ. ಆಣೆ ಹಾಕುತ್ತಾರೆ. "ಅವ್ರ ರೊಕ್ಕ ತಗೊಂಡ್ರ ಇನ್ನೊಮ್ಮಿ ನಿನ್ನ ಹೋಟ್ಲಿಗೆ ಕಾಲಿಡಂಗಿಲ್ಲ ನೋಡು" ಎಂದು ಗಲ್ಲಾದವನನ್ನು ಬೆದರಿಸುತ್ತಾರೆ. ಈಗ ಜೇಬಿನ ಜಾಗಕ್ಕೆ ಫೋನು ಬಂದಿದೆ. ಕುಸ್ತಿ ಹಾಗೇ ಇದೆ.

ಬೀಗರಾದರಂತೂ ಕೇಳಲೇಬೇಡಿ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇಟ್ಟಿರುವ ನನ್ನ ಅಣ್ಣ ಮತ್ತು ಕುರುಗೋಡಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ಅವನ ಬೀಗರು, ಅಂದರೆ ನಮ್ಮ ಹೊಸ ಸೊಸೆಯ ತಂದೆ, ಮದುವೆಯ ಸೀರೆ ತರಲು ಬಳ್ಳಾರಿಗೆ ಬಂದಿದ್ದಾಗ ಗಾಂಧಿನಗರದ ಒಂದು ಹೋಟೆಲಿನಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಫೋನು ಚಾಚಿ, ಗಲ್ಲಾದ ಡಬ್ಬಿ ಒಂದೇ ಬಿಲ್ಲಿಗೆ ಹಣ ಬಂತೆಂದು ಎರಡು ಸಲ ಕೂಗಿತು. ಒಬ್ಬರಾದರೂ ವಾಪಸ್ ತೆಗೆದುಕೊಳ್ಳಲಿಲ್ಲ. ಕೊನೆಗೆ ಗಲ್ಲಾದವನು ಬೇಸತ್ತು ಹೆಚ್ಚಾದ ಅಷ್ಟೂ ಮೊತ್ತಕ್ಕೆ ಮೈಸೂರ್ ಪಾಕ್ ಕಟ್ಟಿಕೊಟ್ಟ. ಅದನ್ನು ಯಾರು ಒಯ್ಯಬೇಕೆಂದು ಮತ್ತೆ ಜಗಳವಾಗಿ, ಪೊಟ್ಟಣ ನನ್ನ ಮನೆಗೆ ಬಂತು. ಗಾಂಧಿನಗರದಲ್ಲಿ ಮನೆಯಿದ್ದರೆ ಇಂಥ ಲಾಭಗಳಿವೆ. ಅದು ಮೈಸೂರ್ ಪಾಕೋ ಜಿಲೇಬಿಯೋ, ಖಚಿತವಾಗಿ ಹೇಳಲಾರೆ. ಇತಿಹಾಸದಲ್ಲಿ ಎಂ.ಎ. ಮಾಡಿ ನಾನು ಕಲಿತ ಒಂದೇ ವಿದ್ಯೆಯೆಂದರೆ, ಕಣ್ಣಾರೆ ಕಂಡೆ ಎನ್ನುವವರ ಮಾತನ್ನು ನಂಬದಿರುವುದು. ಕಂಡವಳು ನಾನೇ ಆದಾಗ ಇನ್ನಷ್ಟು.

ಮದುವೆಯಾದ ಮೇಲಿನ ವಿದೇಶ ಪ್ರವಾಸವೂ ಇದೇ ಕುಸ್ತಿಯ ಫಲ. ಮಗ ಸೊಸೆಯನ್ನು ತಾನೇ ಕಳಿಸುತ್ತೇನೆಂದ ಅಣ್ಣ. ಬೀಗರು ಅದು ಹೆಣ್ಣಿನವರ ಹಕ್ಕು ಎಂದರು. ಖರ್ಚು ಅರ್ಧ ಅರ್ಧವಾಯಿತು. ಅರ್ಧ ಕೊಟ್ಟವರು ಅರ್ಧವಾದರೂ ನೋಡಬೇಡವೇ ಎಂದು ಇಬ್ಬರೂ ಹೊರಟರು. ಅವರ ಹೆಂಡತಿಯರಿಬ್ಬರೂ ಬುದ್ಧಿವಂತರು, ಮಂಡಿನೋವು ಹೇಳಿ ಉಳಿದುಕೊಂಡರು. ಅವರಿಬ್ಬರ ನಡುವೆ ಕೂರಲು ಒಬ್ಬರು ಬೇಕಿತ್ತು, ಹಾಗಾಗಿ ನಾನು. ಮಧುಚಂದ್ರಕ್ಕೆ ಇಬ್ಬರು ಅಪ್ಪಂದಿರನ್ನೂ ಒಬ್ಬ ಸೋದರತ್ತೆಯನ್ನೂ ಕಟ್ಟಿಕೊಂಡು ಹೋದ ಜೋಡಿ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಂದು ಇರಲಾರದು. ದೇಶದ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಗೆ ಹೋಗಿ ಬಂದ ಅರ್ಧ ಬಳ್ಳಾರಿ ನನ್ನನ್ನು ತಿದ್ದಲು ಮನೆಗೆ ಬರುತ್ತದೆ.

ವಿಮಾನದಲ್ಲಿ ಸೊಸೆ ನನ್ನ ಪಕ್ಕ ಕೂತಿದ್ದಳು. ಬಳ್ಳಾರಿಯ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಹುಡುಗಿ, ಮಾತು ಕಡಿಮೆ. ಅವಳಾಗಿಯೇ ಹೇಳಿದ ಮಾತು ಅಂದಿಗೆ ಇದೊಂದೇ ಇರಬೇಕು.

"ಅತ್ತಿ, ನಾ ದುಡ್ಯಾಕ ಹತ್ತಿ ಇಷ್ಟು ವರ್ಷ ಆತು. ನಮ್ಮಪ್ಪ ನನ್ನ ರೊಕ್ಕದಾಗ ಒಂದ್ ಕಪ್ಪು ಚಾ ಸೈತ ಕುಡ್ದಿಲ್ರಿ. ಮಗಳ ರೊಕ್ಕ ತಿನ್ನಬಾರ್ದಂತ. ಈ ಸಲ ಒಂದು ಊಟರೆ ಉಣಸ್ಬೇಕಂತ ಮಾಡೀನಿ."

"ಉಣ್ಣದಿದ್ರ?"

"ಊರಾಗಾದ್ರ ಎದ್ದು ಮನಿಗೆ ಹೊಕ್ಕಾರ. ಅಲ್ಲಿ ಎಲ್ಲಿಗೆ ಹೊಕ್ಕಾರ?"

ಪ್ರವಾಸದ ಕಂಪನಿಯವರು ಎಲ್ಲ ಊಟ ಕೊಡುತ್ತಿದ್ದರು, ಆ ಮನರಂಜನಾ ಪಾರ್ಕಿನ ದಿನದ ಮಧ್ಯಾಹ್ನದ ಊಟವೊಂದನ್ನು ಬಿಟ್ಟು. ಬೀಗರಿಬ್ಬರೂ ಆ ಒಂದು ಊಟಕ್ಕಾಗಿ ವಾರವೆಲ್ಲ ಕಾದಿದ್ದರು. ಇಬ್ಬರ ಸೊಂಟದ ಚೀಲದಲ್ಲೂ ಬದಲಿಸಿಕೊಂಡ ವಿದೇಶಿ ನೋಟುಗಳಿದ್ದವು. ಬೀಗರ ಕೈಚೀಲದಲ್ಲಿ ಶೇಂಗಾ ಉಂಡಿಯೂ ಇತ್ತು. ಗೇಟಿನಲ್ಲಿ ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದು ಅದನ್ನು ತೆಗೆದಿಟ್ಟರು. "ಒಂದ್ ತಿಂದು ನೋಡಂತ ಹೇಳ್ರಿ ಅವನಿಗೆ" ಎಂದು ಬೀಗರು ಹಟ ಹಿಡಿದರು. ಗೇಟಿನವನು ತಿಂದು ನೋಡಲಿಲ್ಲ.

ಒಳಗೆ ಅಣ್ಣನ ಮಗ ಆಟಗಳ ಸರತಿಗೆ ಓಡಿದ. ಆಟದಲ್ಲಿ ತಲೆಕೆಳಗಾಗುವುದರಿಂದ ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಕಿತ್ತು. ಹೀಗೆ ಮದುಮಗ ಫೋನಿಗೂ ಹೆಂಡತಿಗೂ ಇಡೀ ದಿನ ಸಿಗಲಿಲ್ಲ. ಹಿರಿಯರನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಎಂದು ಎಲ್ಲರೂ ಅಂದುಕೊಂಡರು, ಯಾರೆಂದು ಯಾರೂ ಕೇಳಲಿಲ್ಲ. ಸೊಸೆ ಉಳಿದಳು.

ಹೋಟೆಲೆಂದರೆ ಕಡಲುಗಳ್ಳರ ಹಡಗು. ಮೇಜುಗಳು ಪೀಪಾಯಿಗಳು, ಪ್ರತಿ ಪೀಪಾಯಿಯ ಮೇಲೆ ಒಂದು ಪ್ಲಾಸ್ಟಿಕ್ ತಲೆಬುರುಡೆ, ಬುರುಡೆಯ ಹಣೆಯ ಮೇಲೆ ಕ್ಯೂಆರ್ ಚೀಟಿ. ಗಲ್ಲಾ ಇಲ್ಲ. ಬಂದು "ಏನ್ ಕೊಡ್ಲಿ" ಎಂದು ಕೇಳುವವರೂ ಇಲ್ಲ. ಫೋನಿನಿಂದ ಬುರುಡೆಯ ಹಣೆ ನೋಡಬೇಕು, ಪಟ್ಟಿ ಬರುತ್ತದೆ, ಆರಿಸಿ, ಕಾರ್ಡಿನಿಂದ ಮೊದಲೇ ಹಣ ಕಟ್ಟಬೇಕು. ತಿಂಡಿ ಸಿದ್ಧವಾದಾಗ ಫೋನು ಗುರ್ ಎನ್ನುತ್ತದೆ, ಎದ್ದು ಹೋಗಿ ಕಿಟಕಿಯಿಂದ ತಂದುಕೊಳ್ಳಬೇಕು. ದರೋಡೆಯ ಹಡಗಿನಲ್ಲಿ ದರೋಡೆ ಇಷ್ಟು ಶಿಸ್ತಾಗಿ ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಸುತ್ತ ಎಲ್ಲರೂ ಊಟವನ್ನು ಮೊದಲು ಫೋನಿಗೆ ತೋರಿಸುತ್ತಿದ್ದರು. ನೈವೇದ್ಯ ಮುಗಿಯುವವರೆಗೆ ಮಕ್ಕಳು ಪ್ರಸಾದಕ್ಕೆ ಕಾಯುವಂತೆ ಕಾಯುತ್ತಿದ್ದವು.

ಅಣ್ಣ ಮತ್ತು ಬೀಗರು ಕೂರುವ ಮುಂಚೆಯೇ ಬುರುಡೆಯ ಮೇಲೆ ಬಿದ್ದರು. "ಬಿಡ್ರಿ ಬೀಗ್ರ, ನಾ ಮಾಡ್ತೀನಿ." "ಏ, ಹೆಂಗ್ ಬಿಡಾಕಾಗತೈತ್ರಿ." ಎರಡೂ ಫೋನು ಬುರುಡೆಯ ಹಣೆಗೆ ತಾಗಿದವು. ಬಳ್ಳಾರಿಯಲ್ಲಿ ಮಿರ್ಚಿ ಬಜ್ಜಿ ಗಾಡಿಯವನಿಗೂ ಸಲ್ಲುವ ಹಣ ಕಟ್ಟುವ ಆ್ಯಪು ಇಲ್ಲಿ ಇದು ಯಾವ ಚೀಟಿಯೋ ನನಗೆ ಗೊತ್ತಿಲ್ಲ ಎಂದಿತು. ಕಾರ್ಡುಗಳನ್ನು ವಿದೇಶಕ್ಕೆಂದು ಇಬ್ಬರೂ ಬ್ಯಾಂಕಿನಲ್ಲಿ ಹೇಳಿ ತೆರೆಸಿರಲಿಲ್ಲ. ಅಣ್ಣ ನೋಟು ಹಿಡಿದು ಕಿಟಕಿಯ ಹುಡುಗಿಯ ಹತ್ತಿರ ಹೋಗಿ, "ಅಮ್ಮಾ, ಡಬ್ಬುಲು ತೀಸ್ಕೋಮ್ಮಾ" ಎಂದ. ಕನ್ನಡ ತಿಳಿಯದವರಿಗೆಲ್ಲ ತೆಲುಗು ತಿಳಿಯುತ್ತದೆ ಎಂಬುದು ಸಿರುಗುಪ್ಪದವರ ಭೂಗೋಳ. ಅವಳು ನಗುತ್ತ ಬುರುಡೆಯತ್ತ ಬೆರಳು ತೋರಿದಳು.

ಸೊಸೆ ತನ್ನ ಫೋನು ತೆಗೆದಳು. ಹೊರಡುವ ಮೊದಲೇ ಕಾರ್ಡು ತೆರೆಸಿದ್ದಳು, ಇಳಿದೊಡನೆ ಅಲ್ಲಿನ ಸಿಮ್ ಹಾಕಿಸಿದ್ದಳು. ಮೊದಲು ಚಹಾ ತರಿಸಿದಳು. ಅಣ್ಣ ಕುಡಿದ, ನಾನೂ ಕುಡಿದೆ. ಬೀಗರು "ಹೊಟ್ಟಿ ತುಂಬೈತಿ" ಎಂದು ಕಪ್ಪನ್ನು ದೂರ ಸರಿಸಿದರು. ಸೊಸೆ ಆ ಕಪ್ಪನ್ನು ನೋಡಿದಳು.

ಪಾರ್ಕಿನ ಪುಕ್ಕಟೆ ವೈಫೈ ಸಿಕ್ಕೊಡನೆ ಅಣ್ಣ ಸಿರುಗುಪ್ಪಕ್ಕೆ ವಿಡಿಯೋ ಕರೆ ಮಾಡಿದ. "ನೋಡಿಲ್ಲಿ, ಬೀಗ್ರಿಗೆ ಚಾ ನಾವೇ ಕೊಡ್ಸೀವಿ. ಸೊಸಿ ಕೊಟ್ರ ನಾವು ಕೊಟ್ಟಂಗ ಅಲ್ಲೇನು?" ಬೀಗರು ಪೀಪಾಯಿಯ ಆ ಬದಿಯಿಂದ ಕುರುಗೋಡಿಗೆ ಕೂಗುತ್ತಿದ್ದರು. "ಸಿರುಗುಪ್ಪದವರಿಗೆ ಚಾ ಕುಡ್ಸಿದ್ವಿ. ನಮ್ಮ ಹುಡುಗಿ ಕೈಯಿಂದ. ಹೂಂ, ನಾವೇ!" ವಾರವೆಲ್ಲ ಕಾದಾಡಿದವರು ಒಂದು ವಿಷಯದಲ್ಲಿ ಮಾತ್ರ ಒಂದಾಗಿದ್ದರು. ಕೊಟ್ಟವಳು ಕೊಟ್ಟಿಲ್ಲ.

ಹಸಿವಾದಾಗ ಅಣ್ಣ ಬುರುಡೆಯನ್ನು ಸೊಸೆಯ ಕಡೆಗೆ ತಿರುಗಿಸಿ, "ಹೂಂ, ಊಟ ಹೇಳವ್ವ" ಎಂದ.

ಅವಳು ನನ್ನ ಕಡೆ ತಿರುಗಿ ಕೇಳಿದಳು. "ಅತ್ತಿ, ನನ್ನ ರೊಕ್ಕದಾಗ ಉಣ್ತೀರೇನ್ರಿ?"

ನಾನು ತಕ್ಷಣ "ಉಣ್ತೀನಿ" ಎಂದೆ. ಇದು ನನ್ನ ನೆನಪು. ಸೊಸೆಯ ನೆನಪು ಬೇರೆ. ನಾನು ಮೊದಲು ಅಣ್ಣನ ಮುಖ ನೋಡಿದೆನಂತೆ. ಅವಳು ಸುಳ್ಳು ಹೇಳುವವಳಲ್ಲ, ನನ್ನ ನೆನಪಿಗೆ ಆ ಅಭ್ಯಾಸವಿದೆ. ಹಾಗಾಗಿ ನೋಡಿದೆನೆಂದೇ ಇಟ್ಟುಕೊಳ್ಳೋಣ.

ಫೋನು ಗುರ್ ಎಂದಿತು. ಎರಡು ತಟ್ಟೆ ಬಂದವು, ಅವಳಿಗೊಂದು ನನಗೊಂದು. ಅನ್ನವನ್ನು ಕರಡಿಯ ಮುಖದಂತೆ ಅಚ್ಚು ಹಾಕಿ, ಕಣ್ಣಿಗೆ ಬಟಾಣಿ ಇಟ್ಟಿದ್ದರು. ಅವಳು ಕರಡಿಯ ಕಿವಿಯಿಂದ ಶುರು ಮಾಡಿದಳು.

"ನಮ್ಮದು?" ಎಂದ ಅಣ್ಣ.

"ಆಗ ಚಾ ಕೊಡ್ಸಿದವರನ್ನ ಕೇಳ್ರಿ ಮಾವಾರ. ಸಿರುಗುಪ್ಪದವರು ಅಂತ ಕೇಳಿದೆ. ಕುರುಗೋಡಿನವರು ಅಂತನೂ ಕೇಳಿದೆ. ನಾ ಅಂತೂ ಅಲ್ಲ."

"ಏ, ಚ್ಯಾಷ್ಟಿ ಮಾಡ್ತಾಳ ನೋಡ್ರಿ ಬೀಗ್ರ!"

ಬೀಗರೂ ನಕ್ಕರು. ಇಬ್ಬರೂ ಸ್ವಲ್ಪ ಹೊತ್ತು ನಕ್ಕರು. ಸೊಸೆ ಕರಡಿಯ ಇನ್ನೊಂದು ಕಿವಿಗೆ ಬಂದಾಗ ನಗು ನಿಂತಿತು. ಅಣ್ಣ ತನ್ನ ಫೋನನ್ನು ಮತ್ತೆ ಬುರುಡೆಗೆ ಹಿಡಿದ, ಎಡದಿಂದ, ಬಲದಿಂದ, ಮೇಲಿನಿಂದ. ಅಕ್ಕಿ ಗಿರಣಿಯವನು ಹಸಿದುಕೊಂಡು ಇನ್ನೊಬ್ಬರ ತಟ್ಟೆಯ ಅನ್ನ ನೋಡುವುದು ಕಷ್ಟ. ನನ್ನ ತಟ್ಟೆಯಿಂದ ಒಂದು ಅಗುಳು ಎತ್ತಿ, ಬೆರಳಲ್ಲಿ ಹೊಸಕಿ, "ಹೊಸಾ ಅಕ್ಕಿ, ನಮ್ಮ ಸೋನಾ ಮಸೂರಿ ಮುಂದ ಏನೂ ಅಲ್ಲ" ಎಂದು ಬಾಯಿಗೆ ಹಾಕಿಕೊಂಡ. ಎರಡನೇ ಅಗುಳನ್ನು ಪರೀಕ್ಷಿಸಲು ಹೋದಾಗ ನಾನು ತಟ್ಟೆ ಎಳೆದುಕೊಂಡೆ.

"ಆತವ್ವ. ನೀನೇ ಕೊಡ್ಸಿದ್ದಿ. ಚಾನೂ ನೀನೇ. ಈಗ ಅನ್ನ ಹೇಳು."

"ಮನ್ಯಾಗಿನ ಅತ್ತಿಯವ್ರಿಗೆ ಫೋನ್ ಮಾಡಿ ಹೇಳ್ರಿ."

ಅಣ್ಣ ಮಾಡಿದ. ಗಿರಣಿಯಲ್ಲಿ ಹಮಾಲರ ಮೇಲೆ ಗುಡುಗುವ ಗಂಟಲಿನಿಂದ ಬಂದದ್ದು ಇಲಿಮರಿಯ ಧ್ವನಿ. "ಏ, ಚಾ ಹುಡುಗಿ ಕೊಡ್ಸಿದ್ಳು. ಆಕಿ ರೊಕ್ಕ. ನಮ್ದಲ್ಲ."

ಅತ್ತಿಗೆಯ ಉತ್ತರ ಇಡೀ ಹಡಗಿಗೆ ಕೇಳಿಸಿತು. "ಗೊತ್ತೈತಿ ಬಿಡ್ರಿ. ನಿಮ್ಮ ಫೋನಿನ ರೊಕ್ಕ ಅಲ್ಲಿ ನಡ್ಯಂಗಿಲ್ಲ ಅಂತ ಮಗ ನಿನ್ನೇನ ಹೇಳ್ಯಾನ. ಆಕೀನೂ ಉಂಡ್ಳೇನು ಕೇಳ್ರಿ ಮೊದ್ಲು."

ಬೀಗರಿಗೆ ಪರಮಾನಂದವಾಗಿತ್ತು. ಸಿರುಗುಪ್ಪ ಸೋತಿತು, ಆದ್ದರಿಂದ ಕುರುಗೋಡು ಗೆದ್ದಿತು. ಅವರ ಲೆಕ್ಕದಲ್ಲಿ ಮೂರನೇ ಪಕ್ಷ ಇರಲಿಲ್ಲ.

"ಅಪ್ಪಾ, ನಿಮಗ?"

"ನನಗ ಹೊಟ್ಟಿ ತುಂಬೈತವ್ವ."

ಆ ಹೊಟ್ಟೆಗೆ ಬೆಳಗಿನ ಎರಡು ತುಂಡು ಬ್ರೆಡ್ಡಿನ ಮೇಲೆ ಏನೂ ಬಿದ್ದಿರಲಿಲ್ಲ. ಉಂಡಿಗಳು ಗೇಟಿನಲ್ಲಿದ್ದವು. ಸೊಸೆ ಎರಡು ತಟ್ಟೆ ತರಿಸಿದಳು. ಒಂದನ್ನು ಅಣ್ಣನ ಮುಂದಿಟ್ಟಳು, ಅವನ ಕರಡಿಗೆ ನೋಡುನೋಡುತ್ತಲೇ ಮುಖವಿಲ್ಲದಂತಾಯಿತು. ಇನ್ನೊಂದನ್ನು ತಂದೆಯ ಮುಂದಿಟ್ಟು ಎದುರಿಗೆ ಕೂತಳು. ಅಲ್ಲಿಯವರೆಗೆ ಚೆನ್ನಾಗಿಯೇ ಉಣ್ಣುತ್ತಿದ್ದವಳು ಚಮಚ ಕೆಳಗಿಟ್ಟಳು. 

"ಬ್ಯಾಡ ಅಂದ್ನಲ್ಲ."

"ತಂದೀನಿ."

ಬೀಗರು ತಟ್ಟೆ ನೋಡಿದರು, ಅಣ್ಣನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಸೊಂಟದ ಚೀಲದಿಂದ ಒಂದು ನೋಟು ತೆಗೆದು ಪೀಪಾಯಿಯ ಮೇಲೆ ಅವಳ ಕಡೆ ಸರಿಸಿದರು. "ಹಂಗಾದ್ರ ಇದನ್ನ ತಗೋ. ತಗೊಂಡ್ರ ಉಣ್ತೀನಿ."

ಅವಳು ನೋಟನ್ನು ಮುಟ್ಟಲಿಲ್ಲ. "ಇಲ್ಲಿ ನೋಟು ನಡ್ಯಂಗಿಲ್ಲಪ್ಪ."

"ಅವ್ರಿಗಲ್ಲ, ನಿನಗ."

"ನನಗೂ ನಡ್ಯಂಗಿಲ್ಲ."

"ಊರಿಗೆ ಹೋಗಿ ಫೋನಿನ್ಯಾಗ ಹಾಕ್ತೀನಿ."

"ತಿರುಗಿ ಕಳಿಸ್ತೀನಿ. ನೀವು ಹಾಕ್ರಿ, ನಾ ಕಳಿಸ್ತೀನಿ. ಹಾಕ್ರಿ, ಕಳಿಸ್ತೀನಿ. ಯಾರಿಗೆ ಮೊದ್ಲು ಬ್ಯಾಸರ ಆಕ್ಕೈತಿ ನೋಡೂಣು."

ನಗುವ ಮಾತು ಅದು. ಅವಳು ನಗುತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ಒಂದು ಮಗು ಕಡಲುಗಳ್ಳರ ಟೋಪಿ ಹಾಕಿಕೊಂಡು ಪೀಪಾಯಿ ಬಡಿಯುತ್ತಿತ್ತು. ಬೀಗರು ನೋಟನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಉಣ್ರಿ ಬೀಗ್ರ, ಆರತೈತಿ" ಎಂದ ಅಣ್ಣ, ಬಾಯಿ ತುಂಬಿಕೊಂಡು. "ನಾ ಸೋತೀನಲ್ಲ. ಸೋತ್ ಮ್ಯಾಲೆ ಊಟ ಭಾಳ ಚಲೋ ಹತ್ತತೈತಿ."

"ನಿಮಗೇನ್ರಿ, ನಿಮಗ ಸೊಸಿ. ನನಗ ಮಗಳು."

"ಅದಕ್ಕ ಮತ್ತ ಉಣ್ರಿ ಅಂತೀನಿ!"

ಇಡೀ ವಾರ ಅಣ್ಣ ಆಡಿದ ಮಾತುಗಳಲ್ಲಿ ತಲೆಯಿದ್ದದ್ದು ಇದೊಂದಕ್ಕೇ. ಅವನಿಗೆ ಅದು ಗೊತ್ತಾಗಲಿಲ್ಲ, ಆಗಲೇ ನನ್ನ ತಟ್ಟೆಯ ಬಟಾಣಿಯ ಮೇಲೆ ಕಣ್ಣು ಹಾಕಿದ್ದ.

ಬೀಗರು ನೋಟನ್ನು ಚೀಲಕ್ಕೆ ಹಾಕಿಕೊಂಡರು. ಚಮಚವನ್ನು ಪಕ್ಕಕ್ಕಿಟ್ಟು, ಕೈಯಿಂದಲೇ ಕರಡಿಯ ಗಲ್ಲ ಮುರಿದು ಒಂದು ತುತ್ತು ಬಾಯಿಗಿಟ್ಟರು. ಅವರ ಕಣ್ಣು ತುಂಬಿ ಬಂತು ಎಂದು ಬರೆಯಲು ಕೈ ತಾನಾಗಿ ಹೋಗುತ್ತದೆ. ಇಂಥ ಕಡೆ ಕೈಗಳು ಹಾಗೇ ಹೋಗುತ್ತವೆ. ತುಂಬಿರಲಿಲ್ಲ. ಅವರು ಮೂಗಿನ ತುದಿಯವರೆಗೂ ಮುಖ ಸಿಂಡರಿಸಿದ್ದರು.

"ಉಪ್ಪಿಲ್ಲ, ಖಾರಿಲ್ಲ. ಇದಕ್ಕ ಇಷ್ಟ್ ರೊಕ್ಕ ಕೊಟ್ಟೀಯೇನ್ ನೀ?"

"ಕೊಟ್ಟೀನಿ."

"ನಿನಗ ವ್ಯವಹಾರ ತಿಳ್ಯಂಗಿಲ್ಲ."

"ಇಲ್ಲಪ್ಪ."

ಬೈಯುತ್ತಲೇ ಉಂಡರು. ಒಂದೊಂದು ತುತ್ತಿಗೆ ಒಂದೊಂದು ತಕರಾರು. ಅನ್ನ ಮುದ್ದೆಯಾಗಿದೆ, ಪಲ್ಯ ಬೆಂದಿಲ್ಲ, ಕರಡಿಗೆ ಮೂಗು ಯಾಕೆ ಬೇಕಿತ್ತು.  ಸೊಸೆ ತನ್ನ ಚಮಚ ಮತ್ತೆ ಎತ್ತಿಕೊಂಡಿದ್ದಳು, ಆದರೆ ಉಣ್ಣುವುದಕ್ಕಿಂತ ಹೆಚ್ಚಾಗಿ ತಂದೆಯ ಕೈ ತಟ್ಟೆಗೂ ಬಾಯಿಗೂ ಹೋಗಿಬರುವುದನ್ನು ನೋಡುತ್ತಿದ್ದಳು. ತಟ್ಟೆ ಬರಿದಾಯಿತು. ಬೀಗರು ಬೆರಳು ನೆಕ್ಕಿ, ಯಾರ ಮುಖವನ್ನೂ ನೋಡದೆ ಹೇಳಿದರು.

"ಇನ್ನರ್ಧ ಹೇಳು."

ಅವಳು ಫೋನು ಎತ್ತಿಕೊಂಡಳು. "ಅರ್ಧ ಸಿಗಂಗಿಲ್ಲಪ್ಪ ಇಲ್ಲಿ. ಪೂರ್ತಿ ಉಣ್ಬೇಕು."

"ಉಣ್ತೀನಿ. ಹೇಳು."