ಗಂಗಕ್ಕನ ಪರವೂರಿನ ಸಂತೆ

ಗಂಡನ ನೌಕರಿ ಮುಗಿಯುವ ತನಕ ಗಂಗಕ್ಕ ತಾನಿದ್ದ ಊರಿನಲ್ಲಿ ಒಂದು ಹಿಡಿ ಸೊಪ್ಪನ್ನೂ ಕೊಂಡವಳಲ್ಲ. ಕೂಡ್ಲಿಗಿಯಲ್ಲಿದ್ದಾಗ ಕಾನಹೊಸಹಳ್ಳಿಗೆ, ಹಡಗಲಿಯಲ್ಲಿದ್ದಾಗ ಹೊಳಲಿಗೆ, ಹಗರಿಬೊಮ್ಮನಹಳ್ಳಿಯಲ್ಲಿದ್ದಾಗ ಹಂಪಸಾಗರಕ್ಕೆ, ಎರಡು ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ಓಡುತ್ತಿದ್ದಳು. ನಿಧಾನವಾಗಿ ನಡೆಯುವುದು ಅವಳಿಗೆ ಗೊತ್ತೇ ಇರಲಿಲ್ಲ. ಚಹಾವನ್ನೂ ಬಾಗಿಲಲ್ಲಿ ನಿಂತೇ ಕುಡಿಯುತ್ತಿದ್ದಳು.

ಕೂಡ್ಲಿಗಿಯ ಪೊಲೀಸ್ ವಸತಿಗೃಹದಲ್ಲಿ ನಮಗೂ ಅವಳಿಗೂ ಒಂದೇ ಗೋಡೆ. ಅವಳ ಗಂಡ ನಿಂಗಪ್ಪ ಮಾಮ, ನನ್ನ ಅಪ್ಪ ಇಬ್ಬರೂ ಪೇದೆಗಳು. ವರ್ಗವಾದಾಗಲೆಲ್ಲ ಲಾರಿ ಬಾಡಿಗೆ, ಮಗಳು ಸುಧಾಳಿಗೆ ಹೊಸ ಶಾಲೆಯ ಫೀಸು, ಹೊಸ ಯೂನಿಫಾರ್ಮು. ಬಂದೋಬಸ್ತಿಗೆ ಓಡಾಡುವ ಬೈಕಿನ ಪೆಟ್ರೋಲೂ ಸಂಬಳದಲ್ಲೇ. ಪೊಲೀಸರ ಮನೆಯಲ್ಲಿ ದುಡ್ಡಿಲ್ಲ ಎಂದರೆ ನಂಬುವವರು ಯಾರು? ತರಕಾರಿಯವರಂತೂ ಗುರುತು ಸಿಕ್ಕರೆ ದುಡ್ಡನ್ನೇ ಮುಟ್ಟುತ್ತಿರಲಿಲ್ಲ. ಹಾಗೆ ಬಂದ ಕೊತ್ತಂಬರಿಯನ್ನು ನಮ್ಮವ್ವ ಸುಮ್ಮನೆ ಹೆಚ್ಚುತ್ತಿದ್ದಳು. ಗಂಗಕ್ಕನಿಗೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

“ಪುಕ್ಕಟೆ ತಂದ್ರ ನಾಳಿ ನನ್ನ ಗಂಡ ಅವರ ಮುಂದ ತಲಿ ಎತ್ತಂಗಿಲ್ಲ. ರೊಕ್ಕ ಕೊಟ್ಟು ಚೌಕಾಸಿ ಮಾಡಿದ್ರ ದಬ್ಬಾಳಿಕಿ ಅಂತಾರ. ಚೌಕಾಸಿ ಮಾಡ್ದಿದ್ರ ಇಪ್ಪತ್ತನೇ ತಾರೀಖಿಗೆ ಒಲಿ ಆರತೈತಿ. ಅದಕ್ಕ ಗುರ್ತಿಲ್ಲದ ಊರಿಗೆ ಹೋಗ್ತೀನವ್ವ,” ಎನ್ನುತ್ತಿದ್ದಳು. ಉಳಿಸಿದ್ದರಲ್ಲಿ ಅರ್ಧ ಬಸ್ಸಿಗೇ ಹೋಗುತ್ತದಲ್ಲ ಎಂದರೆ, “ಉಳದರ್ಧ ನಂದಲ್ಲೇನು?” ಎಂದು ಸಿಡುಕುತ್ತಿದ್ದಳು.

ನಾನು ಹತ್ತು ವರ್ಷದವಳಿದ್ದಾಗ ಒಮ್ಮೆ ಜೊತೆಗೆ ಹೋಗಿದ್ದೆ. ಕಾನಹೊಸಹಳ್ಳಿ ಸಂತೆಯಲ್ಲಿ ಗಂಗಕ್ಕ ಬೇರೆಯೇ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬದನೆಕಾಯಿ ಮುರಿದು ಹುಳು ತೋರಿಸಿ, ಎರಡು ರೂಪಾಯಿಗಾಗಿ ಒಬ್ಬ ಅಜ್ಜಿಯೊಡನೆ ಜಗಳಕ್ಕೆ ನಿಂತಳು. ಅಜ್ಜಿಯೂ ಕಡಿಮೆಯವಳಲ್ಲ. “ಏನ್ ಜಿಪುಣಿ ಅದೀಯವ್ವ! ನಿನ್ನ ಗಂಡ ಹೆಂಗ ಬಾಳೇವು ಮಾಡ್ತಾನ?” ಎಂದಳು. ಗಂಗಕ್ಕ ಖುಷಿಯಾಗಿ ನಗುತ್ತಿದ್ದಳು. ಅವಮಾನವಾದದ್ದು ನನಗೆ.

“ಇವರ ಗಂಡ ಪೊಲೀಸ್ ಅದಾರ, ಗೊತ್ತೈತೇನು?” ಎಂದುಬಿಟ್ಟೆ.

ಅಜ್ಜಿ ದಡಬಡಿಸಿ ಎದ್ದಳು. ಇಸಿದುಕೊಂಡ ದುಡ್ಡನ್ನು ವಾಪಸು ಚಾಚಿ, “ತಪ್ಪಾತ್ರಿ ಅಮ್ಮಾರ, ಹಂಗ ಒಯ್ರಿ,” ಎನ್ನುತ್ತ ಇನ್ನೊಂದು ಬೊಗಸೆ ಬದನೆಕಾಯಿ ಚೀಲಕ್ಕೆ ಹಾಕಿದಳು. ಗಂಗಕ್ಕ ಎಲ್ಲವನ್ನೂ ಬುಟ್ಟಿಗೆ ಸುರಿದು, ದುಡ್ಡನ್ನೂ ಅಲ್ಲೇ ಬಿಟ್ಟು ಹೊರಟಳು. ಬಸ್ಸಿನಲ್ಲಿ ಬೈಯುತ್ತಾಳೆಂದು ಕಾದೆ. ಖಾಲಿ ಚೀಲ ಮಡಚುತ್ತ, “ಆ ಮುದುಕಿ ನನಗ ಅಮ್ಮಾರ ಅಂದಿದ್ದು ಕೇಳಿದೇನು?” ಎಂದಳು, ಅಷ್ಟೇ. ಆ ವಾರವೆಲ್ಲ ಗೋಡೆಯಾಚೆಯಿಂದ ಬರೀ ಬೇಳೆ ಬೇಯುವ ವಾಸನೆ. ಮುಂದಿನ ವಾರದಿಂದ ಅವಳು ಕೊಟ್ಟೂರಿನ ಬಸ್ಸು ಹತ್ತತೊಡಗಿದಳು. ನನಗೆ ಆ ನಾಚಿಕೆ ಇಂದಿಗೂ ಹೋಗಿಲ್ಲ.

ನಿಂಗಪ್ಪ ಮಾಮ ನಿವೃತ್ತರಾದದ್ದು ಹರಪನಹಳ್ಳಿಯಲ್ಲಿ. ಅಲ್ಲೇ ಬಾಡಿಗೆ ಮನೆ ಹಿಡಿದರು. ನಾನೂ ಈಗ ಅದೇ ಊರಿನಲ್ಲಿ ಟೀಚರ್. ನಿವೃತ್ತಿಯ ಮರುವಾರವೇ ಗಂಗಕ್ಕ ನನ್ನನ್ನು ಎಳೆದುಕೊಂಡು ಊರ ಮಾರುಕಟ್ಟೆಗೆ ನುಗ್ಗಿದಳು. ಅವಳ ಚೌಕಾಸಿಗೆ ಬೇಸತ್ತ ಟೊಮೆಟೊದವಳು, “ತಗಳಂಗಿದ್ರೆ ತಗಳ್ರಿ, ಇಲ್ದಿದ್ರೆ ಮುಂದಕ್ಕೆ ಹೋಗ್ರಿ!” ಎಂದು ಗದರಿದಳು.

ಗಂಗಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಳು. “ಕೇಳಿದೇನವ್ವ? ನನ್ನ ಬೈದ್ಲು!”

ಆಮೇಲೆ ನಾಲ್ಕು ತಿಂಗಳು ಅವಳು ಮಾರುಕಟ್ಟೆಗೆ ನಿಧಾನವಾಗಿ ನಡೆದುಕೊಂಡು ಹೋಗಿಬರುವುದನ್ನು ನೋಡಿದೆ.

ಕಳೆದ ತಿಂಗಳು ಬಸ್ ನಿಲ್ದಾಣದಲ್ಲಿ ಸಿಕ್ಕಳು. ಕಂಕುಳಲ್ಲಿ ಎರಡು ಚೀಲ, ಅದೇ ಓಟ.

“ಮತ್ತ ಎಲ್ಲಿಗಕ್ಕಾ?”

“ನಮ್ಮ ಸುಧಾ ಪೊಲೀಸ್ ಆಗ್ಯಾಳಲ್ಲ, ಆಕಿನ್ನ ಈ ಊರಿಗೇ ಹಾಕ್ಯಾರವ್ವ. ನಿನ್ನಿ ಟೊಮೆಟೊದಾಕಿ ರೊಕ್ಕ ಇಸ್ಕೊಳ್ಳಲಿಲ್ಲ.”

ನಗು ಬಂತು. ಹೆಂಗಸರು ಈಗ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲವಲ್ಲ. “ಈ ಬಸ್ಸೂ ಪುಕ್ಕಟೆನೇ ಅಲ್ಲೇನಕ್ಕಾ?” ಎಂದು ಕೆಣಕಿದೆ.

ಮೆಟ್ಟಿಲ ಮೇಲೆ ಕಾಲಿಟ್ಟಿದ್ದವಳು ತಿರುಗಿ ನೋಡಿದಳು.

“ಇದು ಎಲ್ಲಾ ಹೆಣ್ಮಕ್ಕಳಿಗೂ ಪುಕ್ಕಟೆ ಐತವ್ವ. ನನಗೊಬ್ಬಾಕಿಗೆ ಅಲ್ಲ.”