ಸ್ಪೀಕರಿಗೆ ಅಂಟಿಸಿಟ್ಟ ಆಯಸ್ಕಾಂತ

2022ರಲ್ಲಿ ನಾನು ಆಳಂದದ ಒಂದು ಅಂಗಡಿಯಲ್ಲಿ ಸ್ಪೀಕರ್, ಆಂಪ್ಲಿಫೈಯರ್ ರಿಪೇರಿ ಮಾಡುವ ತಂತ್ರಜ್ಞೆಯಾಗಿದ್ದೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷವಾಗಿತ್ತು. ಕಳಪೆ ಕೆಲಸ ಮಾಡಿದವರು ಯಾರೇ ಇರಲಿ, ಹೆಸರು ಹಿಡಿದು ಉತ್ತರ ಕೇಳುವುದು ನನ್ನ ಸ್ವಭಾವ. ಆದ್ದರಿಂದಲೇ ಈ ಪ್ರಕರಣವನ್ನು ನಾನೇ ಬರೆಯಬೇಕಾಗಿದೆ.

ಮದುವೆಗಳ ಹಂಗಾಮು ಶುರುವಾಗುವ ಮುನ್ನ ಹಿರೋಳ್ಳಿಯ ಮಶಾಕಸಾಬ ತಮ್ಮ ಎಲೆಕ್ಟ್ರಿಕ್ ಗಿಟಾರ್ ತಂದರು. ಅಫಜಲಪುರದ ಶರಣಪ್ಪ ಎಂಬವರ ಆರ್ಕೆಸ್ಟ್ರಾದಲ್ಲಿ ಅವರು ಇಪ್ಪತ್ತು ವರ್ಷದಿಂದ ಗಿಟಾರ್ ನುಡಿಸುತ್ತಿದ್ದರು. ಪಿಕಪ್‌ನ ಒಂದು ವೈರು ಬಿಟ್ಟಿತ್ತು, ಅಷ್ಟೇ. ಪಿಕಪ್ ಎಂದರೆ ತಂತಿಗಳ ಅಡಿಯಲ್ಲಿರುವ ತಾಮ್ರದ ಸುರುಳಿ ಮತ್ತು ಆಯಸ್ಕಾಂತ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ದನಿಯಾಗಿಸುತ್ತದೆ. ಅವರ ಪಿಕಪ್‌ನಲ್ಲಿದ್ದದ್ದು ಅಲ್ನಿಕೋ ಪಟ್ಟಿ: ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಕಬ್ಬಿಣ. ಅದರ ದನಿ ಮೆದು, ದುಂಡು. ಆದರೆ ಅದರ ಕಾಂತತ್ವವನ್ನು ಕೆಡಿಸುವುದು ಸುಲಭ.

ಸಣ್ಣ ಸ್ಕ್ರೂಗಳು ಕಳೆಯದಿರಲೆಂದು ಸುಟ್ಟ ಸ್ಪೀಕರಿನ ದೊಡ್ಡ ಆಯಸ್ಕಾಂತಕ್ಕೆ ಅಂಟಿಸಿಡುವುದು ನಮ್ಮ ಅಂಗಡಿಯ ರೂಢಿ. ಪಿಕಪ್ ಬಿಚ್ಚಿದ ನಾನು ಸ್ಕ್ರೂಗಳ ಜೊತೆಗೆ ಆ ಪಟ್ಟಿಯನ್ನೂ ಅಲ್ಲಿಯೇ ಅಂಟಿಸಿದೆ.

ಮರುದಿನ ಜೋಡಿಸಿ ನೋಡಿದರೆ ದನಿ ಕ್ಷೀಣ. ಮೀಟರಿನಲ್ಲಿ ಸುರುಳಿಯ ರೋಧ 7.8 ಕಿಲೋಓಮ್, ದೋಷವಿಲ್ಲ. ಆಯಸ್ಕಾಂತಕ್ಕೆ ವಯಸ್ಸಾಗಿದೆ ಎಂದು ತೀರ್ಮಾನಿಸಿ ಸೆರಾಮಿಕ್ ಪಟ್ಟಿ ಕೂರಿಸಿದೆ. ಸೆರಾಮಿಕ್ ಬಲಶಾಲಿ. ದನಿ ಜೋರಾಗುತ್ತದೆ, ಮೇಲಿನ ಸ್ವರಗಳು ಚೂಪಾಗುತ್ತವೆ.

ಗಿಟಾರ್ ಒಯ್ಯಲು ಮಶಾಕಸಾಬರ ಜೊತೆ ಶರಣಪ್ಪನವರೂ ಬಂದಿದ್ದರು. ಮಶಾಕಸಾಬ ನಾಲ್ಕು ಸ್ವರ ನುಡಿಸಿ ನಿಲ್ಲಿಸಿದರು.

"ಬೇಟಿ, ಇದು ಚೀರಾಕತ್ತದ. ನನ್ನ ಗಿಟಾರ ಹಿಂಗ ಇರಲಿಲ್ಲ."

"ದನಿ ಮೊದಲಿಗಿಂತ ಗಟ್ಟಿ ಆಗ್ಯದ ಚಾಚಾ. ಮೀಟರ ಸುಳ್ಳ ಹೇಳಂಗಿಲ್ಲ. ನಿಮ್ಮ ಕೈ ಮೊದಲಿನಂಗ ಉಳದಿಲ್ಲ, ಭಾರ ಬೀಳಾಕತ್ತಾವ."

ಶರಣಪ್ಪ ನಕ್ಕರು. "ಎಂ.ಎಸ್ಸಿ. ಓದಿದವರು ಹೇಳಾಕತ್ತಾರ, ಒಪ್ಪಕೋರಿ ಚಾಚಾ. ಗಿಟಾರ ಬಿಟ್ಟು ನಿಮ್ಮ ಕೈನೇ ಸರ್ವಿಸಿಂಗಿಗೆ ಕೊಡಬೇಕಿತ್ತು!"

ಮಶಾಕಸಾಬ ತಮ್ಮ ಬೆರಳುಗಳನ್ನು ನೋಡಿಕೊಂಡರು. ನಾನು ಮುಂದಿನ ಆಂಪ್ಲಿಫೈಯರ್ ಬಿಚ್ಚತೊಡಗಿದೆ.

ಗಿಟಾರ್ ಕೊಟ್ಟ ನಾಲ್ಕನೆಯ ದಿನ, ಅಂಗಡಿಯಲ್ಲೇ ಉಳಿದಿದ್ದ ಹಳೆಯ ಪಟ್ಟಿಯ ಬಳಿ ದಿಕ್ಸೂಚಿ ಹಿಡಿದೆ. ಉದ್ದದ ಅಂಚುಗಳಲ್ಲಿ ಇರಬೇಕಿದ್ದ ಧ್ರುವಗಳು ಅಗಲದ ಮೈಗೆ ಸರಿದಿದ್ದವು. ವಯಸ್ಸು ಹಾಗೆ ಮಾಡುವುದಿಲ್ಲ. ನಾನು ಅದನ್ನು ಅಂಟಿಸಿಟ್ಟಿದ್ದ ಸ್ಪೀಕರಿನಂಥ ಇನ್ನೊಂದು ಆಯಸ್ಕಾಂತ ಮಾಡುತ್ತದೆ. ಎರಡು ಪ್ರಬಲ ನಿಯೋಡಿಮಿಯಂ ಆಯಸ್ಕಾಂತಗಳ ನಡುವೆ ಅದನ್ನು ಸರಿಯಾದ ದಿಕ್ಕಿನಲ್ಲಿ ಒಂದು ನಿಮಿಷ ಹಿಡಿದೆ. ಪಟ್ಟಿ ಮೊದಲಿನಂತಾಯಿತು.

ಆದರೂ ಫೋನು ಮಾಡಲಿಲ್ಲ. ಹಂಗಾಮಿನ ಗಡಿಬಿಡಿ, ಹೊಸ ದನಿಗೆ ಅವರು ಹೊಂದಿಕೊಂಡಾರು ಎಂದೆಲ್ಲ ನೆಪ ಹೇಳಿಕೊಂಡೆ. ನಿಜವಾಗಿ, ತಂತಿಯ ಮೇಲೆ ಬದುಕಿದ ಮನುಷ್ಯನ ಕಿವಿ ನನ್ನ ಪದವಿಗಿಂತ ಸರಿಯಾಗಿತ್ತು ಎಂದು ಒಪ್ಪಲು ನನ್ನಿಂದಾಗಲಿಲ್ಲ.

ಎರಡು ತಿಂಗಳ ನಂತರ ಜೇವರ್ಗಿಯ ಒಂದು ಮದುವೆಯಲ್ಲಿ ಅದೇ ಆರ್ಕೆಸ್ಟ್ರಾ ನೋಡಿದೆ. ಮಶಾಕಸಾಬರ ಜಾಗದಲ್ಲಿ ಕೀಬೋರ್ಡ್ ನಿಂತಿತ್ತು. ಶರಣಪ್ಪ ಸಹಜವಾಗಿ ಹೇಳಿದರು: "ಹಾಡೋರ ಕಿವಿ ಹರಿಯಾಕತ್ತಿತ್ರಿ. ಕೈ ಹೋದವರನ್ನ ಎಷ್ಟ ದಿನ ಇಟ್ಕೋಬೇಕು? ನೀವೇ ಹೇಳಿದ್ರಲ್ಲ."

ಅಲ್ಲಿಯೂ ನಾನು ನಿಜ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಪಟ್ಟಿ ಹಿಡಿದು ಹಿರೋಳ್ಳಿಗೆ ಹೋದೆ, ಎಲ್ಲವನ್ನೂ ಹೇಳಿ ಅದನ್ನು ಕೂರಿಸಿಕೊಟ್ಟೆ. ಮಶಾಕಸಾಬ ನುಡಿಸಿದರು. ದುಂಡನೆಯ ಆ ದನಿ ಮರಳಿತ್ತು. ನಾನು ಕ್ಷಮೆ ಕೇಳಿದೆ.

"ನಿನ್ನ ಮಾತ ಖರೆ ಅಂತ ಎರಡ ತಿಂಗಳ ದಿನಾ ಬೆರಳಿಗೆ ಎಣ್ಣಿ ತಿಕ್ಕೊಂಡೀನಿ ಬೇಟಿ," ಎಂದರು. ಗಿಟಾರ್ ಕೆಳಗಿಟ್ಟು ಮುಂದುವರಿಸಿದರು: "ಇದನ್ನ ನನ್ನ ಮುಂದ ಹೇಳಿ ಏನ ಮಾಡ್ತಿ? ಯಾರ ಮುಂದ ನನ್ನ ಕೈಗೆ ಹೆಸರಿಟ್ಟಿದ್ದಿ, ಅವರ ಮುಂದ ಹೇಳು."

"ಫೋನ್ ಹಚ್ಚಿ ಹೇಳ್ತೇನಿ ಚಾಚಾ."

"ಅಂದಿದ್ದು ಫೋನಿನ್ಯಾಗೇನು?"

ಅಫಜಲಪುರಕ್ಕೆ ಅವರೊಡನೆ ಹೋದೆ. ತಾಲೀಮು ನಡೆದಿತ್ತು, ಹಾಡುವವರೆಲ್ಲ ಇದ್ದರು. ತಪ್ಪು ನನ್ನದು, ಚಾಚಾನ ಕೈಗೆ ಏನೂ ಆಗಿಲ್ಲ ಎಂದು ನಿಂತು ಹೇಳಿದೆ. ಶರಣಪ್ಪ ತಾಲೀಮು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಇದು ನಿಮಗ ಯಾವಾಗ ಗೊತ್ತಾತ್ರಿ, ಮೇಡಂ?"

"ಗಿಟಾರ ಕೊಟ್ಟ ನಾಕನೇ ದಿನ."

"ಅಂದ್ರ ನಾನು ಚಾಚಾನ್ನ ಬಿಡಿಸೂದಕ್ಕಿಂತ ಮೊದಲೇ."

"ಹೌದ್ರಿ."

ಯಾರೂ ನಗಲಿಲ್ಲ. ಕೀಬೋರ್ಡಿನವನಿಗೆ ಹಂಗಾಮು ಮುಗಿಯುವವರೆಗೂ ಮಾತು ಕೊಟ್ಟಾಗಿತ್ತು. ಮರುವರ್ಷ ಶರಣಪ್ಪ ಕರೆ ಕಳಿಸಿದರು, ಮಶಾಕಸಾಬ ಹೋಗಲಿಲ್ಲ.

ಆಯಸ್ಕಾಂತ ಕೆಟ್ಟದ್ದು ನನ್ನ ಅಜ್ಞಾನದಿಂದ; ಅದನ್ನು ಯಾರಾದರೂ ಕ್ಷಮಿಸಬಹುದು. ನಾಲ್ಕನೆಯ ದಿನದಿಂದ ಮುಂದಿನ ಮೌನವನ್ನು ಮಾತ್ರ ನಾನು ತಿಳಿದೇ ಆರಿಸಿಕೊಂಡೆ. ತಪ್ಪನ್ನು ತಿದ್ದಲು ಒಂದು ನಿಮಿಷ ಸಾಕಾಗಿತ್ತು; ಬಾಯಿಬಿಟ್ಟು ಹೇಳಲು ಎರಡು ತಿಂಗಳು ತೆಗೆದುಕೊಂಡೆ. ಓದಿದವರ ಮಾತನ್ನು ಜನ ನಂಬುತ್ತಾರೆ, ತಮ್ಮ ಕೈಗಳನ್ನೇ ಅನುಮಾನಿಸುವಷ್ಟು ನಂಬುತ್ತಾರೆ. ಆ ನಂಬಿಕೆಗೆ ಲೆಕ್ಕ ಒಪ್ಪಿಸದ ತಂತ್ರಜ್ಞರು ನಮ್ಮಲ್ಲಿ ಬಹಳ. ಅವರ ಪಟ್ಟಿ ಮಾಡುವುದಾದರೆ ಮೊದಲು ನನ್ನ ಹೆಸರು ಬರೆಯಿರಿ.