ಎರಡು ಟಿಕೆಟ್ಟಿಗೆ ಕೂತ ಅಕ್ಕ

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎಷ್ಟು ಸಲ ಎದ್ದೆನೋ ಲೆಕ್ಕವಿಲ್ಲ. ಹಾಳೆ ತೆಗೆದಾಗೆಲ್ಲ ಮೊದಲು ಕಣ್ಣೆದುರು ಬರುವುದು ಅಕ್ಕನ ಬಲಗೈ. ಮಣಿಕಟ್ಟಿನಿಂದ ಮೊಣಕೈಯವರೆಗೆ ಅಡ್ಡಡ್ಡ ಸುಟ್ಟ ಗೆರೆಗಳು. ಹಳೆಯವು ಬೆಳ್ಳಗೆ, ಹೊಸವು ಕಂದು. ದೊಡ್ಡ ಪಾತ್ರೆಯೊಳಗೆ ತೋಳಿಳಿಸಿ ತಳದ ಅನ್ನ ತೆಗೆಯುವಾಗ ಅಂಚು ತಾಕಿ ಆದವು. ಅವಳು ಬಳೆ ತೊಡುತ್ತಿರಲಿಲ್ಲ. "ಇವೇ ಸಾಕಲ್ಲಣ್ಣ, ಒಡೆಯೋ ಭಯ ಇಲ್ಲ" ಎಂದು ತೋಳು ಚಾಚಿ ನಗುತ್ತಿದ್ದಳು. ಆ ತೋಳು ನೆನಪಾದರೆ ಹಾಳೆ ಮಡಚಿಡುತ್ತಿದ್ದೆ. ನನಗೀಗ ಎಪ್ಪತ್ತೊಂದು. ಇನ್ನೊಮ್ಮೆ ಮಡಚಿಟ್ಟರೆ ಬಿಚ್ಚಲು ನಾನಿರುತ್ತೇನೆಂಬ ಭರವಸೆಯಿಲ್ಲ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಕ್ಲಾಂಗ್ ಬಂದರಿನ ಗೋದಾಮಿನಲ್ಲಿ ಸರಕಿನ ಪಟ್ಟಿ ಬರೆಯಲು ಮಲೇಷ್ಯಾಕ್ಕೆ ಬಂದವನು. ಸೊಂಟ ಕೈಕೊಟ್ಟ ಮೇಲೆ ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್ ಬಡಾವಣೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತೆ. ಎರಡು ಕಂಪ್ಯೂಟರು, ಒಂದು ಯಂತ್ರ, ಪಾಸ್‌ಪೋರ್ಟ್ ಫೋಟೋಕ್ಕೊಂದು ಬಿಳಿ ಪರದೆ. ಫಾರಂ ತುಂಬಿಕೊಡುವುದು, ವಿಮಾನದ ಟಿಕೆಟ್ ಅಚ್ಚು ಹಾಕಿಕೊಡುವುದು ನನ್ನ ಕೆಲಸ.

ಅಕ್ಕನ ಅಡುಗೆಮನೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗಂಡ ತೀರಿಹೋದ ಮೇಲೆ ಊಟ ಕಟ್ಟಿಕೊಟ್ಟೇ ಇದ್ದೊಬ್ಬ ಮಗಳನ್ನು ಓದಿಸಿದ್ದಳು. ಬೆಂಗಳೂರು, ಮೈಸೂರು ಕಡೆಯಿಂದ ಬಂದ ಸಾಫ್ಟ್‌ವೇರ್ ಹುಡುಗರೆಲ್ಲ ಮಧ್ಯಾಹ್ನಕ್ಕೆ ಅವಳ ಪೊಟ್ಟಣವನ್ನೇ ತಪಾವ್, ಅಂದರೆ ಕಟ್ಟಿಸಿಕೊಂಡು, ಒಯ್ಯುತ್ತಿದ್ದರು. ಬಾಳೆಲೆ, ಅದರ ಮೇಲೆ ಕಾಗದ, ಅದಕ್ಕೊಂದು ರಬ್ಬರ್ ಬ್ಯಾಂಡು. ಅವಳ ಗುಟ್ಟೆಲ್ಲ ಆ ರಬ್ಬರಿನಲ್ಲಿತ್ತು. ಕೆಂಪು ರಬ್ಬರೆಂದರೆ ಈರುಳ್ಳಿ ಬೆಳ್ಳುಳ್ಳಿ ತಿನ್ನದವರು. ಹಳದಿಯೆಂದರೆ ಖಾರ ಕಡಿಮೆ. ಹಸಿರೆಂದರೆ ಸಕ್ಕರೆ ಕಾಯಿಲೆಯವರು, ಅನ್ನ ಅರ್ಧ, ಪಲ್ಯ ಎರಡು ಪಾಲು. ಗಿರಾಕಿಗಳ ಹೆಸರು ಅವಳಿಗೆ ಮರೆಯುತ್ತಿತ್ತು, ಹೊಟ್ಟೆ ಮರೆಯುತ್ತಿರಲಿಲ್ಲ. ನನ್ನದು ಹಸಿರು ರಬ್ಬರು. ಅವಳದೂ ಅದೇ.

ನನಗಿಂತ ಆರೇಳು ವರ್ಷ ಚಿಕ್ಕವಳು. ಆದರೆ ಬೀದಿಗೆಲ್ಲ ಅಕ್ಕ, ನನಗೂ ಅಕ್ಕ. ಕೆಲಸ ಹೋಯಿತೆನ್ನಿ, ಹೆಂಡತಿ ಫೋನ್ ಎತ್ತುತ್ತಿಲ್ಲವೆನ್ನಿ, ಯಾವ ಕಷ್ಟ ಹೇಳಿಕೊಂಡರೂ ಪೂರ್ತಿ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು: "ಅದಿರಲಿ, ತಿಂದ್ಯಾ ಇಲ್ವಾ, ಅಷ್ಟು ಹೇಳು."

ಅವಳ ಕಷ್ಟ ಮಾತ್ರ ಊಟದಿಂದ ತೀರುವಂಥದಾಗಿರಲಿಲ್ಲ. ಮಗಳು ನಿಲಾಯ್‌ನ ಕಾಲೇಜಿನಲ್ಲಿ ಕೆಲಸಕ್ಕಿದ್ದಳು. ಜೊತೆಯ ಚೀನೀ ಹುಡುಗನನ್ನು ಮದುವೆಯಾದಳು. ಅಕ್ಕ ಮನಸ್ಸು ಗಟ್ಟಿಮಾಡಿಕೊಂಡು ರೇಷ್ಮೆ ಸೀರೆಯುಟ್ಟು ಮದುವೆಯ ಊಟಕ್ಕೆ ಹೋದಳು. ಮೀನು ಮಾಂಸ ಮುಟ್ಟದ ಅವಳಿಗೆಂದೇ ಸೊಪ್ಪಿನ ಅಡುಗೆ ಬೇರೆ ಮಾಡಿಸಿದ್ದರಂತೆ. ಅಷ್ಟರಲ್ಲಿ ಇಡೀ ಮೀನೊಂದನ್ನು ತಟ್ಟೆಯಲ್ಲಿ ತಂದಿಟ್ಟರು. ಹುಡುಗನ ಅಜ್ಜಿ ತಟ್ಟೆ ತಿರುಗಿಸಿ ಮೀನಿನ ತಲೆ ಅಕ್ಕನ ಕಡೆಗೆ ಬರುವಂತೆ ಮಾಡಿದಳು. ಅಕ್ಕ ಒಂದು ಕ್ಷಣ ಆ ಬಿಳಿ ಕಣ್ಣನ್ನು ನೋಡಿದಳು. ಎದ್ದಳು. ಸೀದಾ ಹೊರಗೆ ಬಂದು ರೈಲು ಹತ್ತಿದಳು. ಪಂಕ್ತಿಯಲ್ಲಿ ಎಲ್ಲರಿಗಿಂತ ದೊಡ್ಡವರೆಂದು ಗೌರವಿಸುವವರ ಕಡೆಗೆ ಅವರು ಮೀನಿನ ತಲೆ ತಿರುಗಿಸಿಡುತ್ತಾರೆಂದು ಅವಳಿಗೆ ಗೊತ್ತಾದದ್ದು ತಿಂಗಳುಗಳ ಮೇಲೆ, ಅದೂ ನನ್ನಿಂದ. "ಅಯ್ಯೋ, ನಂಗೆ ಹಾರ ಹಾಕಿದ್ರು, ನಾನು ಎದ್ದು ಬಂದ್ನಲ್ಲಣ್ಣ" ಎಂದು ಹಣೆ ಚಚ್ಚಿಕೊಂಡಳು. ಆ ಊಟದ ದಿನದಿಂದ ಮಗಳು ಮೂರು ವರ್ಷ ಮಾತಾಡಿರಲಿಲ್ಲ.

ಹಾಗಿರುವಾಗ ಹಳೆಯ ಹಿನ್ನೆಲೆ ಗಾಯಕರೊಬ್ಬರು ಕೌಲಾಲಂಪುರಕ್ಕೆ ಬರುವ ಸುದ್ದಿ ಬಂತು. ದಕ್ಷಿಣದ ನಾಲ್ಕೂ ಭಾಷೆಯಲ್ಲಿ ಹಾಡಿದವರು. ಇದಾದ ಮೇಲೆ ದೇಶ ಬಿಟ್ಟು ಹೋಗಿ ಹಾಡುವುದಿಲ್ಲವೆಂದು ತಾವೇ ಹೇಳಿದ್ದರು. ಟಿಕೆಟ್ ಮಾರಾಟ ಇಂಟರ್‌ನೆಟ್ಟಿನಲ್ಲಿ ಮಾತ್ರ. ನಮ್ಮ ಬೀದಿಗೆ ಹುಚ್ಚು ಹಿಡಿಯಿತು. ಸೀರೆ ಅಂಗಡಿಯ ಹುಡುಗಿಯರು ಎರಡೆರಡು ಫೋನು ಹೊಂದಿಸಿಕೊಂಡರು. ಹೂ ಮಾರುವ ತಮಿಳು ಮುದುಕ ನನ್ನಲ್ಲಿಗೆ ಬಂದು, ಇಲ್ಲಿಯವರ ಹಾಗೆ ಮಾತಿನ ತುದಿಗೊಂದು 'ಲಾ' ಸೇರಿಸಿ, "ನಿಮ್ಮ ಲೈನ್ ಫಾಸ್ಟಾ ಲಾ?" ಎಂದು ತಂತಿಯನ್ನು ಮುಟ್ಟಿ ನೋಡಿದ.

ಅಕ್ಕ ಮೆಟ್ಟಿಲಿಳಿದು ಬಂದಳು, ಕೈಯಲ್ಲಿ ಫೋನು. ಮಗಳ ಸಂದೇಶ. ಮಗಳು ಚಿಕ್ಕವಳಿದ್ದಾಗ ತರಕಾರಿ ಹೆಚ್ಚುತ್ತ ತಾಯಿ ಮಗಳು ಕೇಳಿದ್ದು ಅದೇ ದನಿಯ ಕ್ಯಾಸೆಟ್ಟುಗಳನ್ನು. ಸುದ್ದಿ ತಿಳಿದಿದ್ದೇ ಅಕ್ಕ ಧೈರ್ಯ ಮಾಡಿ ಮಗಳಿಗೆ ಬರೆದಿದ್ದಳು. ಉತ್ತರ ಇಂಗ್ಲಿಷಿನಲ್ಲಿತ್ತು, ನಾನೇ ಓದಿ ಹೇಳಿದೆ: ಎರಡು ಟಿಕೆಟ್ ಸಿಕ್ಕರೆ ಬರುತ್ತೇನೆ. ಆದರೆ ಈ ಸಲ ಕೊನೆಯವರೆಗೂ ಕೂರಬೇಕು.

"ಕೂರ್ತೀನಿ ಅಂತ ಬರಿಯಣ್ಣ" ಎಂದಳು. ಬರೆದೆ.

ಮಾರಾಟ ಮಧ್ಯಾಹ್ನ ಹನ್ನೆರಡಕ್ಕೆ. ಅಕ್ಕ ಪೊಟ್ಟಣಗಳನ್ನೆಲ್ಲ ಬೇಗ ಕಟ್ಟಿಟ್ಟು ಹತ್ತಕ್ಕೇ ತನ್ನ ನೀಲಿ ಸ್ಟೂಲು ಹೊತ್ತು ತಂದು ಮೊದಲ ಕಂಪ್ಯೂಟರಿನ ಮುಂದೆ ಹಾಕಿಕೊಂಡಳು. ತನ್ನದೂ ಮಗಳದೂ ಹೆಸರು, ಗುರುತಿನ ಚೀಟಿಯ ಸಂಖ್ಯೆ ಒಂದು ಕಾಗದದಲ್ಲಿ ದುಂಡಗೆ ಬರೆದು ತಂದಿದ್ದಳು. ಟಿಕೆಟ್ ಕೊಳ್ಳುವವರನ್ನೆಲ್ಲ ಮೊದಲು ಒಂದು ಕಾಯುವ ಪುಟದಲ್ಲಿ ನಿಲ್ಲಿಸುತ್ತಾರೆ. ಒಂದು ಉದ್ದ ಗೆರೆ, ಅದರ ಮೇಲೆ ಮೆಲ್ಲಗೆ ಹೆಜ್ಜೆಯಿಡುವ ಒಂದು ಗೊಂಬೆ. ಗೊಂಬೆ ಗೆರೆಯ ತುದಿ ಮುಟ್ಟಿದರೆ ಬಾಗಿಲು ತೆರೆಯುತ್ತದೆ, ಹತ್ತು ನಿಮಿಷದಲ್ಲಿ ಹೆಸರು ತುಂಬಬೇಕು.

"ಇವ್ನು ಯಾರು?"

"ನೀನೇ ಕಣಕ್ಕ."

"ನಾನು ಇಷ್ಟು ಸಣ್ಣಗಿದ್ದೀನಾ! ಸದ್ಯ." ಸೊಂಟ ಮುಟ್ಟಿಕೊಂಡು ನಕ್ಕಳು. "ನಮ್ಮೂರಲ್ಲಿ ಸೀಮೆಎಣ್ಣೆ ಸಾಲಲ್ಲಿ ಚಪ್ಪಲಿ ಬಿಟ್ಟು ಮನೆಗೆ ಹೋಗಿ ಬರ್ತಿದ್ವಿ. ಜಾಗ ಹಂಗೇ ಇರ್ತಿತ್ತು. ಇಲ್ಲಿ ಚಪ್ಪಲಿ ನಡೆಯಲ್ವಾ?"

"ಇಲ್ಲಿ ನೀನೇ ಕೂರಬೇಕು. ನೀನು ಎದ್ರೆ ಅವನೂ ಎದ್ದು ಹೋಗ್ತಾನೆ."

ಸುಮ್ಮನೆ ಆಡಿದ ಮಾತು. ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ಅಕ್ಕ ನಗಲಿಲ್ಲ. ಕಾಲು ಮಡಚಿ ಸ್ಟೂಲಿನ ಮೇಲೆ ಪದ್ಮಾಸನ ಹಾಕಿದಂತೆ ಕೂತಳು. ಅವಳು ನಂಬಿದಳೆಂದು ನನಗೆ ಅಲ್ಲೇ ಗೊತ್ತಾಯಿತು. ತಮಾಷೆಯೆಂದು ಹೇಳಿಬಿಡಬಹುದಿತ್ತು. ನೋಡಲು ಮಜವಾಗಿತ್ತು, ಬಿಟ್ಟೆ.

ಹನ್ನೊಂದಕ್ಕೆ ನನಗೊಂದು ಫೋನು. ಮಾಡಿದವರು ದೊಡ್ಡ ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರು, ನಮ್ಮ ಕಡೆಯವರ ಎಲ್ಲ ಸಮಾರಂಭಗಳಿಗೆ ಮುಂದಾಳು. ಅಲ್ಲಿಯವರೆಗೆ ನಾನು ಅವರಿಗೆ 'ಜೆರಾಕ್ಸ್ ಅಂಕಲ್' ಆಗಿದ್ದೆ. ದೀಪಾವಳಿ ಕೂಟದಲ್ಲಿ ಕಾಫಿ ಲೋಟ ಎತ್ತಲು ಕರೆಯುತ್ತಿದ್ದರು. ಅಂದು, "ಸಾರ್, ಎಲ್ಲಾ ಕಡೆ ಟ್ರೈ ಮಾಡಿಸ್ತಿದ್ದೀನಿ. ನನಗೂ ಮಿಸೆಸ್‌ಗೂ ಎರಡು. ನಿಮ್ಮಿಂದಾನೇ ಆಗ್ಬೇಕು ಸಾರ್" ಎಂದರು. ನನ್ನನ್ನು ಈ ದೇಶದಲ್ಲಿ ಯಾರೂ ಸಾರ್ ಎಂದಿರಲಿಲ್ಲ. ಊರಲ್ಲೂ ಇಲ್ಲ. ಎರಡನೆಯ ಕಂಪ್ಯೂಟರಿನಲ್ಲಿ ಅವರಿಗಾಗಿ ಇನ್ನೊಂದು ಗೊಂಬೆಯನ್ನು ನಿಲ್ಲಿಸಿದೆ.

ಹನ್ನೆರಡಾಯಿತು, ಒಂದಾಯಿತು. ಎರಡನೆಯ ಗೊಂಬೆ ನಿಂತಲ್ಲೇ ನಿಂತಿತ್ತು. ಅಕ್ಕನ ಗೊಂಬೆ ನಡೆಯುತ್ತಿತ್ತು. ಅಕ್ಕ ನೀರು ಕುಡಿಯಲಿಲ್ಲ. ಕುಡಿದರೆ ಏಳಬೇಕಾಗುತ್ತದೆಂದು. ಸಕ್ಕರೆ ಕಾಯಿಲೆಯವರಿಗೆ ಅಷ್ಟು ಹೊತ್ತು ತಡೆದು ಕೂರುವುದೆಂದರೆ ಏನೆಂದು ಅದೇ ಕಾಯಿಲೆಯ ನನಗೆ ಗೊತ್ತು. ಮುಖ ಬಿಗಿದುಕೊಂಡಿತು, ತುಟಿ ಒಣಗಿತು. ಸುಟ್ಟ ಗೆರೆಗಳ ಆ ತೋಳಿನಿಂದ ಮೊಣಕಾಲನ್ನು ಒತ್ತಿ ಹಿಡಿದುಕೊಂಡಿದ್ದಳು. ನಾನು, "ಅಕ್ಕ, ಅಲ್ಲಾಡಬೇಡ, ಗೊಂಬೆ ಎಡವುತ್ತೆ" ಎಂದೆ. ಮತ್ತೆ ಎಲ್ಲರೂ ನಕ್ಕರು.

ಒಂದೂವರೆಯ ಹೊತ್ತಿಗೆ ಅವಳಿಂದ ಆಗಲಿಲ್ಲ. ಅಂಗಡಿಯಲ್ಲಿ ಆಗ ನಾವಿಬ್ಬರೇ. ತಟ್ಟನೆ ಎದ್ದಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದು ಚಪ್ಪಲಿ ಕಳಚಿ, ಸ್ಟೂಲಿನ ಕೆಳಗೆ ಕಂಪ್ಯೂಟರಿಗೆ ಮುಖಮಾಡಿ ಜೋಡಿಸಿಟ್ಟಳು. "ಎರಡೇ ನಿಮಿಷ ನೋಡ್ಕೊಳ್ಳಣ್ಣ" ಎಂದು ಬರಿಗಾಲಲ್ಲಿ ಹಿಂದಿನ ಓಣಿಯ ಕಕ್ಕಸಿಗೆ ಓಡಿದಳು.

ಅವಳು ಹೋದ ಮೇಲೆ ಗೊಂಬೆ ತುದಿ ಮುಟ್ಟಿತು. ಬಾಗಿಲು ತೆರೆಯಿತು. ಎರಡು ಸೀಟು, ಅಕ್ಕಪಕ್ಕ, ವೇದಿಕೆಯಿಂದ ಬಹಳ ದೂರವೂ ಅಲ್ಲ. ಅವಳ ಕಾಗದ ನನ್ನ ಮುಂದೆಯೇ ಇತ್ತು. ನಾನು ಮ್ಯಾನೇಜರ ಹೆಸರನ್ನೂ ಅವರ ಹೆಂಡತಿಯ ಹೆಸರನ್ನೂ ಒತ್ತಿದೆ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಖುಷಿಯಾಗಿತ್ತು. ಕೊನೆಯ ಗುಂಡಿ ಒತ್ತುವಾಗ ನನ್ನ ಕಾಲಿನ ಹೆಬ್ಬೆರಳಿಗೆ ಅವಳ ಚಪ್ಪಲಿ ತಾಗಿತು. ಕಾಲು ಹಿಂದಕ್ಕೆಳೆದುಕೊಂಡೆ.

ಅವಳು ಸೆರಗಿನಲ್ಲಿ ಕೈ ಒರೆಸುತ್ತ ಬಂದಳು. ಪುಟ ಮುಚ್ಚಿದ್ದೆ.

"ಗೊಂಬೆ ಎಲ್ಲಣ್ಣ?"

"ಎದ್ದೆಯಲ್ಲಕ್ಕ. ಹೋಯ್ತು. ಹೇಳಿದ್ದೆ ತಾನೆ?"

"ಚಪ್ಪಲಿ ಬಿಟ್ಟಿದ್ನಲ್ಲಣ್ಣ..."

"ಇದು ಸೀಮೆಎಣ್ಣೆ ಸಾಲಲ್ಲ."

ಅವಳು ಚಪ್ಪಲಿಯನ್ನೇ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ತನ್ನ ತೊಡೆಗೆ ತಾನೇ ಒಂದು ಏಟು ಹಾಕಿಕೊಂಡಳು, ಜೋರಾಗಿ. ಸ್ಟೂಲು ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತು, "ನಿಂಗೂ ಊಟ ತಪ್ತು ನನ್ನಿಂದ. ತಿಂದ್ಯಾ ಇಲ್ವಾ?" ಎಂದಳು. ಐದು ನಿಮಿಷಕ್ಕೆ ಹಸಿರು ರಬ್ಬರಿನ ಪೊಟ್ಟಣ ಬಂತು. ತಿಂದೆ. ಪೂರ್ತಿ ತಿಂದೆ.

ಮಗಳಿಗೆ ಅವಳು ಸತ್ಯವೆಂದು ನಂಬಿದ್ದನ್ನೇ ತಿಳಿಸಿದಳು, ನನ್ನ ಕೈಯಲ್ಲೇ ಬರೆಸಿದಳು: ಸಿಗುತ್ತಿತ್ತು, ನಾನೇ ಎದ್ದುಬಿಟ್ಟೆ. ಬಂದ ಉತ್ತರವನ್ನೂ ನಾನೇ ಓದಿ ಹೇಳಬೇಕಾಯಿತು. 'ನೀನು ಯಾವಾಗಲೂ ಏಳುವವಳೇ ಅಮ್ಮ.' ಅಷ್ಟೇ ಇತ್ತು. ಕಡಿಮೆ ಮಾಡಿ ಹೇಳಲು ಅದರಲ್ಲಿ ಏನೂ ಇರಲಿಲ್ಲ.

ಆಮೇಲೆ ಅದು ಬೀದಿಯ ತಮಾಷೆಯಾಯಿತು. ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಚಹಾಕ್ಕೆ ಸೇರಿದಾಗ ಯಾರಾದರೊಬ್ಬರು, "ಅಕ್ಕ, ಏಳಬೇಡ, ಟೀ ಎದ್ದು ಹೋಗುತ್ತೆ" ಎನ್ನುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು. ಅವಳೂ ನಗುತ್ತಿದ್ದಳು.

ಕಾರ್ಯಕ್ರಮ ಮುಗಿದು ವಾರವಾದ ಮೇಲೆ ಮ್ಯಾನೇಜರು ಯಾವುದೋ ಕಾಗದ ಜೆರಾಕ್ಸ್ ಮಾಡಿಸಲು ಬಂದರು. ಹೇಗಿತ್ತು ಎಂದು ಕೇಳಿದೆ. "ಅಯ್ಯೋ ಹೋಗಕ್ಕೇ ಆಗ್ಲಿಲ್ಲ ಅಂಕಲ್. ಪಾರ್ಕಿಂಗೇ ಸಿಗ್ಲಿಲ್ಲ, ಮಿಸೆಸ್‌ಗೆ ತಲೆನೋವು ಬೇರೆ. ವಾಪಸ್ ಬಂದ್ಬಿಟ್ವಿ." ಅಂಕಲ್ ಎಂದರು. ಆ ಎರಡು ಸೀಟಿನಲ್ಲಿ ಯಾರೂ ಕೂರಲಿಲ್ಲ.

ಎರಡು ವರ್ಷದಲ್ಲಿ ಅಕ್ಕನ ಮೂತ್ರಪಿಂಡ ಸೋತಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಪ್ರತಿ ಸಲ ನಾಲ್ಕು ತಾಸು ಕುರ್ಚಿಯಲ್ಲಿ. ಸೂಜಿಗಳು ಬಲಗೈಗೇ, ಸುಟ್ಟ ಗೆರೆಗಳ ನಡುವೆ ಜಾಗ ಹುಡುಕಿ. ಒಂದು ಬೆಳಿಗ್ಗೆ ನೋಡಲು ಹೋಗಿದ್ದೆ. ಕೊಳವೆಗಳ ಮಧ್ಯದಿಂದ ನನ್ನನ್ನು ನೋಡಿ ನಕ್ಕಳು. "ನೋಡಣ್ಣ, ಈಗ ಏಳಲ್ಲ. ಕೂರೋದು ಈಗ ಕಲ್ತೆ. ಅವತ್ತೇ ಕಲ್ತಿದ್ರೆ ಮಗಳು ಬರ್ತಿದ್ಲು."

ಅಲ್ಲೇ ಹೇಳಬಹುದಿತ್ತು. ನಾನೂ ಅವಳೂ, ಗುಂಯ್‌ಗುಡುವ ಯಂತ್ರ, ಬೇರೆ ಯಾರೂ ಇರಲಿಲ್ಲ. "ಆಗಿದ್ದು ಆಯ್ತು ಬಿಡಕ್ಕ" ಎಂದೆ. ಅವಳನ್ನು ನಾನು ಕ್ಷಮಿಸಿದ ಹಾಗಿತ್ತು ನನ್ನ ದನಿ.

"ಬಿಡು. ತಿಂದ್ಯಾ ಇಲ್ವಾ, ಅಷ್ಟು ಹೇಳು" ಎಂದಳು. ಅದೇ ಕೊನೆಯ ಮಾತು.

ಮಗಳು ಬಂದದ್ದು ಅಕ್ಕ ತೀರಿಕೊಂಡ ಮೇಲೆ. ಮೇಲಿನ ಮನೆ ಖಾಲಿ ಮಾಡಿ ಮರಣಪತ್ರದ ಪ್ರತಿಗಳಿಗಾಗಿ ಅಂಗಡಿಗೆ ಇಳಿದಳು. ತಾಯಿಯದೇ ಮುಖ. ಕೈಯಲ್ಲಿ ಅಡುಗೆಮನೆಯ ಗೋಡೆಯಿಂದ ಕಿತ್ತ ಒಂದು ಹಾಳೆಯಿತ್ತು, ರಬ್ಬರುಗಳ ಪಟ್ಟಿ. "ಜೆರಾಕ್ಸ್ ಅಣ್ಣ, ಹಸಿರು. ಇದು ನೀವಾ ಅಂಕಲ್?" ಹೌದೆಂದೆ. ಯಂತ್ರ ಪ್ರತಿಗಳನ್ನು ಒಂದೊಂದಾಗಿ ಉಗುಳುತ್ತಿತ್ತು. ಅವಳು ಅದನ್ನೇ ನೋಡುತ್ತ ಕೇಳಿದಳು. "ಅಂಕಲ್, ಅವತ್ತು ನೀವು ಇಲ್ಲೇ ಇದ್ರಲ್ಲ. ಅಮ್ಮ ರಿಯಲಿ ಎದ್ದು ಹೋದ್ರಾ?"

"ಹೌದಮ್ಮ" ಎಂದೆ. "ಎದ್ದರು."

"ಐ ನ್ಯೂ ಲಾ" ಎಂದು ತಲೆಯಾಡಿಸಿದಳು. ಪ್ರತಿಗಳನ್ನು ಚೀಲಕ್ಕೆ ಹಾಕಿಕೊಂಡು ಬಿಸಿಲಿಗೆ ಹೋದಳು. ರಬ್ಬರುಗಳ ಪಟ್ಟಿಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದಳು. ಇದನ್ನು ಬರೆಯುತ್ತಿರುವುದು ಅದರ ಬೆನ್ನಿನ ಮೇಲೆ, ಜಾಗ ಸಾಲದೆ ಉಳಿದದ್ದು ಅಂಗಡಿಯ ಹಾಳೆಗಳ ಮೇಲೆ.

ಎದ್ದದ್ದು ನಿಜ. ಎದ್ದವಳು ಎರಡು ನಿಮಿಷಕ್ಕೆ ತಿರುಗಿ ಬಂದಳೆಂಬುದೂ, ಚಪ್ಪಲಿ ಬಿಟ್ಟು ಹೋಗಿದ್ದಳೆಂಬುದೂ, ಮೂರೂವರೆ ತಾಸು ಹನಿ ನೀರು ಕುಡಿಯದೆ ಮಗಳಿಗಾಗಿ ಕೂತಿದ್ದಳೆಂಬುದೂ ಅಷ್ಟೇ ನಿಜ. ಅದೆಲ್ಲವನ್ನೂ ಪೂರ್ತಿ ಕಂಡವನು ನಾನೊಬ್ಬನೇ. ಅಕ್ಕನ ಕಾಲು ಹಿಡಿಯೋಣವೆಂದರೆ ಈಗ ಅವಳಿಲ್ಲ. ಆದರೆ ನಿಲಾಯ್‌ಗೆ ಇಲ್ಲಿಂದ ರೈಲಿನಲ್ಲಿ ಒಂದೇ ತಾಸು. ತಾಯಿ ತನಗಾಗಿ ಕೂರಲಿಲ್ಲವೆಂದುಕೊಂಡು ಒಬ್ಬಳು ಅಲ್ಲಿ ಬದುಕುತ್ತಿದ್ದಾಳೆ. ಎದುರಿಗೆ ನಿಂತು ಕೇಳಿದಾಗಲೂ ನಾನು ಕ್ಷಮೆ ಕೇಳದೆ ಕಳಿಸಿದ್ದು ಅವಳನ್ನು, ಅಕ್ಕನ ಮಗಳನ್ನು.